ಶೀಟಿಗೂ ನೆತ್ತಿಗೂ ನಡುವೆ ಒಂದು ಹಾಳೆ: ಶೆಡ್ ಮಾಲೀಕರಿಗೆ ಬಹಿರಂಗ ಪತ್ರ



ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಇನ್ನು ಯುಗಾದಿವರೆಗೆ ಸಿಗುವ ದಿನಗಳು ಸೂರಿನ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಮೇಲೆ ಹತ್ತಿದವನ ಅಂಗಾಲು ಇನ್ನೂ ಸುಡುವುದಿಲ್ಲ, ಆಲಿಕಲ್ಲು ಮಳೆಯೂ ಶುರುವಾಗಿರುವುದಿಲ್ಲ. ಏಪ್ರಿಲ್ ಬಂದ ಮೇಲೆ ಬರೆದರೆ ನೀವು ಓದಿ ಹೌದು ಎನ್ನುತ್ತೀರಿ, ಆದರೆ ಕೆಲಸ ಮುಂದಿನ ವರ್ಷಕ್ಕೆ ಹೋಗುತ್ತದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಪೀಣ್ಯದ ಹಂತಗಳಲ್ಲಿ ಮಷಿನ್ ಶಾಪ್, ಗಾರ್ಮೆಂಟ್ಸ್, ಪೌಡರ್ ಕೋಟಿಂಗ್ ನಡೆಸುವವರಿಗೆ ಈ ಪತ್ರ. ಮಹದೇವಪುರ, ಹೂಡಿ, ವರ್ತೂರಿನ ಕಡೆ ಖಾಲಿ ಸೈಟಿನಲ್ಲಿ ಸಾಲಾಗಿ ಶೀಟಿನ ರೂಮು ಹಾಕಿ ಬಾಡಿಗೆಗೆ ಕೊಟ್ಟವರಿಗೆ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಹೆಬ್ಬಗೋಡಿಯಲ್ಲಿ ಗೋಡೌನು ಕಟ್ಟಿಸಿದವರಿಗೆ, ದೊಡ್ಡ ಕಟ್ಟಡ ಏಳುವ ಜಾಗದ ಪಕ್ಕ ಲೇಬರ್ ಶೆಡ್ ಹಾಕಿಸುವ ಗುತ್ತಿಗೆದಾರರಿಗೆ. ನಾನು ಟ್ರಸ್ಸು, ಪರ್ಲಿನ್ನು, ಶೀಟಿನ ಕೆಲಸದವನು. ಶೀಟಿನಡಿ ಹಾಕುವ ಹೊಳೆಯುವ ಅಲ್ಯೂಮಿನಿಯಂ ಹಾಳೆಯ ಬಗ್ಗೆ ಬರೆಯುತ್ತಿದ್ದೇನೆ, ಆದರೆ ಯಾವ ಕಂಪನಿಯ ಹಾಳೆಯನ್ನೂ ಮಾರುವವನಲ್ಲ.

ನಮ್ಮೂರು ತಂಪು ಎಂಬ ಮಾತಿನಲ್ಲಿ ನಾವು ಬಹಳ ಕಾಲ ಕಳೆದೆವು. 2016ರ ಏಪ್ರಿಲ್ 24ರಂದು ಬೆಂಗಳೂರಿನ ಹವಾಮಾನ ಕೇಂದ್ರ 39.2 ಡಿಗ್ರಿ ಸೆಲ್ಸಿಯಸ್ ದಾಖಲಿಸಿತು. 2024ರ ಏಪ್ರಿಲ್ 28ರಂದು 38.5. ಇವು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದ ಗಾಳಿಯ ಉಷ್ಣತೆ. ನಿಮ್ಮ ಸೂರಿನ ಮೇಲಿನ ಶೀಟು ಆ ಪೆಟ್ಟಿಗೆಯಲ್ಲಿಲ್ಲ. ಮೋಡವಿಲ್ಲದ ಏಪ್ರಿಲ್ ಮಧ್ಯಾಹ್ನ ಬಣ್ಣದ ಶೀಟಾಗಲಿ ಮಾಸಿದ ಸಿಮೆಂಟ್ ಶೀಟಾಗಲಿ 60–65 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಅದರ ಕೆಳಗೆ ಹೊಲಿಗೆ ಮಷಿನ್ನಿನ ಮುಂದೆ ಕೂತ ಹೆಂಗಸರು, ಲೇತಿನ ಮುಂದೆ ನಿಂತ ಹುಡುಗರು. ಅವರು ಫ್ಯಾನು ಹಾಕಿ ಎನ್ನುತ್ತಾರೆ, ನೀವು ಹಾಕಿಸುತ್ತೀರಿ. ಆದರೂ ನೆತ್ತಿ, ಹೆಗಲು ಉರಿಯುವುದು ನಿಲ್ಲುವುದಿಲ್ಲ. ಯಾಕೆ ಎಂಬುದನ್ನೇ ಮೊದಲು ಹೇಳಬೇಕು.

ಕಾವು ದಾಟಿ ಬರುವ ದಾರಿ ಮೂರು ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ: ವಹನ, ಸಂವಹನ, ವಿಕಿರಣ. ಶೀಟಿನಿಂದ ಕೆಳಗಿರುವವರ ಮೈಗೆ ಬರುವ ಕಾವಿನಲ್ಲಿ ಮೊದಲೆರಡರ ಪಾಲು ಚಿಕ್ಕದು. ಶೀಟು ಮೈಗೆ ತಾಗಿಲ್ಲ, ಹಾಗಾಗಿ ವಹನ ನೇರವಾಗಿ ಇಲ್ಲ. ಬಿಸಿ ಗಾಳಿ ಹಗುರ, ಅದು ಮೇಲೇ ನಿಲ್ಲುತ್ತದೆ, ತಾನಾಗಿ ಕೆಳಗಿಳಿಯುವುದಿಲ್ಲ. ಉಳಿದದ್ದು ವಿಕಿರಣ. ಒಲೆಯ ಮುಂದೆ ಕೂತಾಗ ಹಿಂದಿನ ಗಾಳಿ ತಂಪಾಗಿದ್ದರೂ ಮುಖಕ್ಕೆ ಮಾತ್ರ ಕಾವು ಹೊಡೆಯುತ್ತದಲ್ಲ, ಅದೇ. ಬಿಸಿ ಶೀಟು ಕಣ್ಣಿಗೆ ಕಾಣದ ಬೆಳಕನ್ನು ಕೆಳಗೆ ಸುರಿಯುತ್ತಿರುತ್ತದೆ. ಫ್ಯಾನು ಗಾಳಿಯನ್ನು ಅಲ್ಲಾಡಿಸುತ್ತದೆ, ಬೆವರನ್ನು ಆರಿಸುತ್ತದೆ. ಈ ಬೆಳಕನ್ನು ತಡೆಯುವುದು ಅದರ ಕೈಯಲ್ಲಿಲ್ಲ.

ಯಾವ ಮೈ ಎಷ್ಟು ಕಾವನ್ನು ಹೀಗೆ ಹೊರಬಿಡುತ್ತದೆ ಎಂಬುದಕ್ಕೆ ಎಂಜಿನಿಯರುಗಳು ಒಂದು ಸಂಖ್ಯೆ ಇಟ್ಟುಕೊಂಡಿದ್ದಾರೆ, ಎಮಿಸಿವಿಟಿ ಅಂತ. ಸೊನ್ನೆಯಿಂದ ಒಂದರವರೆಗೆ. ಸಿಮೆಂಟು, ಇಟ್ಟಿಗೆ, ಹಂಚು, ಮರ, ಬಣ್ಣ ಬಳಿದ ತಗಡು, ನಮ್ಮ ಚರ್ಮ ಎಲ್ಲವೂ ಹೆಚ್ಚುಕಡಿಮೆ 0.85ರಿಂದ 0.95. ಬಣ್ಣ ಬಿಳಿಯೋ ಕಪ್ಪೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹೊಳೆಯುವ ಅಲ್ಯೂಮಿನಿಯಂ ಹಾಳೆ ಮಾತ್ರ 0.03ರಿಂದ 0.05. ಅಂದರೆ ಹಾಳೆ ತಾನು ಬಿಸಿಯಾದರೂ ಆ ಕಾವನ್ನು ವಿಕಿರಣವಾಗಿ ಬಿಡಲು ಒಪ್ಪುವುದಿಲ್ಲ. ಎದುರಿನಿಂದ ಬಂದದ್ದನ್ನು ನೂರಕ್ಕೆ ತೊಂಬತ್ತೈದರಷ್ಟು ಹಿಂದಕ್ಕೆ ತಳ್ಳುತ್ತದೆ. ಈ ಎರಡು ಗುಣವೂ ಒಂದೇ ನಾಣ್ಯದ ಎರಡು ಮುಖ.

ಲೆಕ್ಕ ಹಾಕಿ ನೋಡೋಣ. ಹತ್ತಕ್ಕೆ ಹತ್ತರ ರೂಮು, ಮೇಲೆ 65 ಡಿಗ್ರಿಯ ಶೀಟು, ಕೆಳಗೆ ನೆಲ, ಮಂಚ, ಮನುಷ್ಯರು 35 ಡಿಗ್ರಿ. ಎರಡೂ ಕಡೆ ಎಮಿಸಿವಿಟಿ 0.9 ಎಂದಿಟ್ಟುಕೊಂಡರೆ ಒಂದು ಚದರ ಮೀಟರಿಗೆ ಸುಮಾರು 190 ವ್ಯಾಟ್ ಕಾವು ಕೆಳಗಿಳಿಯುತ್ತದೆ. ರೂಮಿನ 9.3 ಚದರ ಮೀಟರಿಗೆ 1,750 ವ್ಯಾಟ್. ಶೀಟಿನ ಒಳಮೈಯ ಜಾಗದಲ್ಲಿ 0.05 ಎಮಿಸಿವಿಟಿಯ ಹಾಳೆ ಇದ್ದರೆ, ಅದೇ ಉಷ್ಣತೆಗಳಿಗೆ, ಚದರ ಮೀಟರಿಗೆ 11 ವ್ಯಾಟ್. ಇಡೀ ರೂಮಿಗೆ ನೂರರ ಆಸುಪಾಸು. ಇದು ಸ್ಥೂಲ ಲೆಕ್ಕ. ನಿಜದಲ್ಲಿ ಗಾಳಿಯೂ ಒಂದಿಷ್ಟು ಕಾವು ತರುತ್ತದೆ, ಬಾಗಿಲಿಂದ ಬಿಸಿ ಬರುತ್ತದೆ, ಗೋಡೆ ಕಾಯುತ್ತದೆ, ಹಾಳೆಗೆ ಧೂಳು ಕೂರುತ್ತದೆ. ರೂಮು ಊಟಿ ಆಗುವುದಿಲ್ಲ. ಆದರೆ ನೆತ್ತಿ ಮೇಲೆ ಸುರಿಯುತ್ತಿದ್ದ ಕಾವಿನಲ್ಲಿ ಬಹುಪಾಲು ನಿಲ್ಲುತ್ತದೆ, ಅದೂ ಕೂದಲಿಗಿಂತ ತೆಳ್ಳಗಿನ ಲೋಹದಿಂದ, ಕರೆಂಟಿಲ್ಲದೆ.

ಈ ವಿದ್ಯೆ ಹೊರಗಿನಿಂದ ಬಂದು ನಮಗೆ ಯಾರೋ ಮಾರುತ್ತಿರುವ ಹೊಸ ಮಾಯೆಯೇನೂ ಅಲ್ಲ. ಚಹಾ ಒಯ್ಯುವ ಫ್ಲಾಸ್ಕಿನ ಒಳಗಾಜಿಗೆ ಬೆಳ್ಳಿ ಬಳಿದದ್ದು ಇದಕ್ಕೇ. 1890ರ ದಶಕದಲ್ಲಿ ಜೇಮ್ಸ್ ಡ್ಯೂವರ್ ಲಂಡನ್ನಿನಲ್ಲಿ ಮಾಡಿದ ಪಾತ್ರೆಯ ಮಕ್ಕಳು ಅವು. ಇನ್ನು ಪೀಣ್ಯದವರಾದ ನಿಮಗಂತೂ ಇನ್ನೊಂದು ಹತ್ತಿರದ ಸಂಬಂಧವಿದೆ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಯಾವ ಗಾಜಿನ ಅರಮನೆಯಲ್ಲೂ ಅಲ್ಲ, ಇದೇ ಪೀಣ್ಯದ ಶೀಟು ಹೊದಿಸಿದ ಶೆಡ್ಡುಗಳಲ್ಲಿ. ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ 1972ರಲ್ಲಿ ಕೆಲಸ ಶುರುವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಜಾಗ ಸಾಲದೆ ಒಂದು ಶೌಚಾಲಯವನ್ನೇ ದತ್ತಾಂಶ ಹಿಡಿಯುವ ಕೋಣೆ ಮಾಡಿಕೊಂಡಿದ್ದರು ಎಂಬುದು ಇಸ್ರೋದವರು ಈಗಲೂ ಹೆಮ್ಮೆಯಿಂದ ಹೇಳುವ ಮಾತು. ಉಪಗ್ರಹ ಕಟ್ಟುವವರಿಗೆ ಮೈಯ ಎಮಿಸಿವಿಟಿ ದಿನದ ಮಾತು, ಏಕೆಂದರೆ ಅಲ್ಲಿ ಗಾಳಿಯೇ ಇಲ್ಲ. ಕಾವು ಒಳಗೆ ಬರುವುದೂ ಹೊರಗೆ ಹೋಗುವುದೂ ವಿಕಿರಣದಿಂದಲೇ. ಇಂದಿನ ಉಪಗ್ರಹಗಳ ಫೋಟೊಗಳಲ್ಲಿ ಚಿನ್ನದ ಬಣ್ಣದ ಹೊದಿಕೆ ಕಾಣುತ್ತದಲ್ಲ, ಅದು ಹಳದಿ ಛಾಯೆಯ ಪ್ಲಾಸ್ಟಿಕ್ ಹಾಳೆ, ಹಿಂಬದಿಗೆ ಅಲ್ಯೂಮಿನಿಯಂ ಲೇಪ. ಅಂಥ ಹಾಳೆಗಳನ್ನು ಪದರದ ಮೇಲೆ ಪದರ, ನಡುವೆ ಜಾಳಿಗೆ ಕೊಟ್ಟು, ಒಂದಕ್ಕೊಂದು ಅಂಟದಂತೆ ಹೊದಿಸುತ್ತಾರೆ. ಅಂಟದಂತೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಂಥ ಹಾಳೆಯೇ ಒಮ್ಮೆ ಬಾಹ್ಯಾಕಾಶ ನಿಲ್ದಾಣವೊಂದನ್ನು ಉಳಿಸಿದ್ದೂ ಉಂಟು. ಅಮೆರಿಕದ ಆ ನಿಲ್ದಾಣ, ಸ್ಕೈಲ್ಯಾಬ್, 1973ರ ಮೇ ತಿಂಗಳಲ್ಲಿ ಹಾರುವಾಗಲೇ ಹೊರಕವಚ ಹರಿದುಕೊಂಡಿತು. ಒಳಗೆ 50 ಡಿಗ್ರಿ ಮೀರಿತು. ಹಿಂದೆಯೇ ಹೋದ ಗಗನಯಾತ್ರಿಗಳು ಅಲ್ಯೂಮಿನಿಯಂ ಲೇಪದ ಬಟ್ಟೆಯ ಕೊಡೆಯೊಂದನ್ನು ಬಿಡಿಸಿ ಅದನ್ನು ವಾಸಕ್ಕೆ ಯೋಗ್ಯ ಮಾಡಿದರು.

ಇನ್ನು ನಿಮ್ಮ ಪಕ್ಕದ ಐಟಿ ಕಟ್ಟಡಗಳನ್ನೇ ನೋಡಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಹೊಸ ಗಾಜಿನ ಗೋಡೆಗಳಿಗೆ ಲೋ-ಇ, ಅಂದರೆ ಕಡಿಮೆ ಎಮಿಸಿವಿಟಿಯದು, ಎಂದು ಕರೆಯುವ ಗಾಜು ಹಾಕುತ್ತಾರೆ. ಎರಡು ಗಾಜಿನ ನಡುವೆ, ಗಾಳಿಯ ಸಂದಿಗೆ ಮುಖ ಮಾಡಿ, ಬೆಳ್ಳಿಯ ಲೇಪ. ದಪ್ಪ ಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು. ಬೆಳಕು ಬರಲಿ, ಕಾವು ಬೇಡ ಎಂಬ ಏರ್ಪಾಡು. ಅಲ್ಲಿ ಏಸಿ ಬಿಲ್ಲು ಉಳಿಸಲು ಯಾವ ತತ್ವ ದುಡಿಯುತ್ತಿದೆಯೋ ಅದೇ ತತ್ವ ಆ ಕಟ್ಟಡ ಕಟ್ಟಿದ ಯಾದಗಿರಿ, ರಾಯಚೂರಿನ ಕುಟುಂಬ ಮಲಗುವ ತಗಡಿನ ಗೂಡಿಗೆ ಬಂದಿಲ್ಲ. ಬರದಿರಲು ತಾಂತ್ರಿಕ ಕಾರಣ ಒಂದೂ ಇಲ್ಲ.

ನಿಮ್ಮಲ್ಲಿ ಹಲವರು ಹಾಳೆ ಹಾಕಿಸಿದ್ದೀರಿ, ನನಗೆ ಗೊತ್ತು. ಹಾಕಿಸಿ, ಏನೂ ಪ್ರಯೋಜನ ಆಗಲಿಲ್ಲ ಎಂದವರೂ ಇದ್ದೀರಿ. ಅಂಥ ಒಂದು ಶೆಡ್ಡಿಗೆ ನನ್ನನ್ನು ಕರೆದಿದ್ದರು. ಎಲ್ಲಿ, ಯಾರದು ಎಂಬುದು ಬೇಡ. ಸೂರಿನ ಒಳಭಾಗ ಹಾಲಿನಷ್ಟು ಬಿಳಿ, ನೋಡಲು ಅಚ್ಚುಕಟ್ಟು. ಏಣಿ ಹತ್ತಿ ಒಂದು ಮೂಲೆ ಕತ್ತರಿಸಿ ನೋಡಿದೆ. ಬಬಲ್ ಶೀಟು, ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ಬಿಳಿ ಪ್ಲಾಸ್ಟಿಕ್. ಚೆಂದ ಕಾಣಲಿ ಎಂದು ಬಿಳಿಯನ್ನು ಕೆಳಗೆ ಮಾಡಿ, ಹೊಳಪಿನ ಬದಿಯನ್ನು ತಗಡಿಗೆ ಗಮ್ಮು ಹಚ್ಚಿ ಅಂಟಿಸಿಬಿಟ್ಟಿದ್ದರು. ದುಡ್ಡು ಕೊಟ್ಟದ್ದು ಹೊಳಪಿಗೆ, ಆ ಹೊಳಪು ಗಮ್ಮಿನೊಳಗೆ ಹೂತುಹೋಗಿತ್ತು.

ಇಡೀ ಪತ್ರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹಾಳೆಯ ಹೊಳೆಯುವ ಮೈ ಗಾಳಿಯನ್ನು ನೋಡುತ್ತಿರಬೇಕು. ಏನನ್ನಾದರೂ ತಾಗಿದ ಕಡೆ ಹಾಳೆಗೆ ಕೆಲಸವಿಲ್ಲ. ಅಲ್ಯೂಮಿನಿಯಂ ಕಾವನ್ನು ಹರಿಸುವುದರಲ್ಲಿ ಬಹಳ ಮುಂದು. ಅಡುಗೆ ಪಾತ್ರೆ ಅದರಲ್ಲಿ ಮಾಡುವುದು ಸುಮ್ಮನೆಯಲ್ಲ. ಥರ್ಮೋಕೋಲಿಗೆ ಹೋಲಿಸಿದರೆ ಸಾವಿರಾರು ಪಟ್ಟು ಸಲೀಸಾಗಿ ಅದರ ಮೂಲಕ ಕಾವು ದಾಟುತ್ತದೆ. ಎರಡು ಘನ ವಸ್ತುಗಳ ನಡುವೆ ಅದನ್ನು ಒತ್ತಿಟ್ಟರೆ ಕಾವು ಅದು ಅಲ್ಲಿ ಇದೆ ಎಂಬುದನ್ನೂ ಗಮನಿಸದೆ ದಾಟಿ ಹೋಗುತ್ತದೆ. ಆರ್‌ಸಿಸಿ ಮನೆಯ ತಾರಸಿಯ ಮೇಲೆ ಹಾಳೆ ಹಾಸಿ, ಅದರ ಮೇಲೆ ಸಿಮೆಂಟು ಗಾರೆ ಎಳೆದು ಟೈಲ್ಸ್ ಅಂಟಿಸಿದವರಿದ್ದಾರೆ. ಅಲ್ಲಿ ಹಾಳೆ ತೇವವನ್ನು ತಡೆದೀತು, ಕಾವನ್ನು ಖಂಡಿತ ತಡೆಯುವುದಿಲ್ಲ. ಅದೇ ರೀತಿ ಪ್ಲೈವುಡ್ಡಿಗೂ ತಗಡಿಗೂ ನಡುವೆ ಒತ್ತಿದ ಹಾಳೆ, ಪಿಓಪಿ ಬೋರ್ಡಿನ ಬೆನ್ನಿಗೆ ಅಂಟಿಸಿ ಅದರ ಮೇಲೆ ಮತ್ತೆ ಥರ್ಮೋಕೋಲು ಒತ್ತಿದ ಹಾಳೆ, ಎಲ್ಲ ವ್ಯರ್ಥ.

ಹಾಗಾದರೆ ಸರಿಯಾದ ಕ್ರಮ ಯಾವುದು? ಹೊಸ ಶೆಡ್ಡಾದರೆ ಶೀಟು ಕೂರಿಸುವ ಮೊದಲು ಪರ್ಲಿನ್ನುಗಳ ಮೇಲೆ ಹಾಳೆ ಹಾಸಿ, ಎರಡು ಪರ್ಲಿನ್ನಿನ ನಡುವೆ ಒಂದೆರಡು ಇಂಚು ಜೋಲು ಬಿಟ್ಟು, ಆಮೇಲೆ ಶೀಟು ಬಿಗಿಯಬೇಕು. ಬಿಗಿಯಾಗಿ ಎಳೆಯಬಾರದು. ಜೋಲು ಬಿದ್ದಷ್ಟೂ ಮೇಲೆ ಗಾಳಿಯ ಸಂದಿ ಸಿಗುತ್ತದೆ. ಇರುವ ಶೆಡ್ಡಾದರೆ ಇನ್ನೂ ಸುಲಭ: ಪರ್ಲಿನ್ನುಗಳ ಕೆಳಬದಿಗೆ ಜಿಐ ತಂತಿ ಎಳೆದು ಅಥವಾ ಕೋಳಿ ಜಾಲರಿ ಕಟ್ಟಿ ಅದರ ಮೇಲೆ ಹಾಳೆ ಸರಿಸಿದರೆ ಪರ್ಲಿನ್ನಿನ ಎತ್ತರದಷ್ಟು, ಅಂದರೆ ಮೂರರಿಂದ ಆರು ಇಂಚು ಸಂದಿ ತಾನಾಗಿ ಬರುತ್ತದೆ. ಒಂದು ಇಂಚಿಗಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಸಾಕು. ಒಂದೇ ಬದಿ ಹೊಳಪಿದ್ದರೆ ಆ ಬದಿ ಕೆಳಗೆ. ಇದನ್ನು ಹೇಳಿದಾಗ ಎಲ್ಲರೂ ಹುಬ್ಬೇರಿಸುತ್ತಾರೆ. ಕಾವು ಮೇಲಿಂದ ಬರುವಾಗ ಕನ್ನಡಿಯೂ ಮೇಲೆ ನೋಡಬೇಡವೇ ಎಂದು. ಮೇಲೆ ನೋಡುವ ಹೊಳಪು ಹೊಸದರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪೀಣ್ಯದ ಗ್ರೈಂಡಿಂಗ್ ಧೂಳು, ರಸ್ತೆಯ ಮಣ್ಣು ಅದರ ಮೇಲೆ ಕೂತು ಕೆಲವೇ ವರ್ಷದಲ್ಲಿ ಅದನ್ನು ಮಾಮೂಲಿ ಮೈಯಾಗಿ ಮಾಡುತ್ತವೆ. ಕೆಳಗೆ ನೋಡುವ ಮೈಗೆ ಧೂಳು ಕೂರುವುದಿಲ್ಲ. ಹಾಳೆ ಮೇಲಿನಿಂದ ಕಾವು ಹೀರಿ ಬಿಸಿಯಾದರೂ ಕೆಳಮೈ ಅದನ್ನು ಬಿಟ್ಟುಕೊಡುವುದಿಲ್ಲ. ಎರಡೂ ಬದಿ ಹೊಳಪಿರುವ ಹಾಳೆ ಸಿಕ್ಕರೆ ಬಹಳ ಒಳ್ಳೆಯದು.

ಸಂದಿಯ ಬಿಸಿ ಗಾಳಿಗೆ ಹೋಗಲು ದಾರಿ ಬೇಕು. ಸೂರಂಚಿನಲ್ಲಿ ಒಂದಿಷ್ಟು, ರಿಡ್ಜಿನಲ್ಲಿ ಒಂದಿಷ್ಟು ತೆರಪು ಬಿಡಿ. ತಿರುಗುವ ಟರ್ಬೊ ವೆಂಟಿಲೇಟರು ಈಗಾಗಲೇ ಇದ್ದರೆ ಅದನ್ನು ಹಾಳೆಯಿಂದ ಮುಚ್ಚಬೇಡಿ. ಮುಚ್ಚಿದ್ದನ್ನು ಬೇಕಾದಷ್ಟು ಕಡೆ ಕಂಡಿದ್ದೇನೆ. ನಮ್ಮ ಊರಿಗೆ ಒಂದು ಭಾಗ್ಯವಿದೆ: ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಏಪ್ರಿಲ್ ರಾತ್ರಿಗಳೂ ಚೆನ್ನೈಯಷ್ಟು ಕುದಿಯುವುದಿಲ್ಲ. ತೆಳು ಶೀಟು ಸಂಜೆ ಏಳಕ್ಕೆಲ್ಲ ತಣಿದುಬಿಡುತ್ತದೆ. ಕಾಂಕ್ರೀಟು ಹಗಲು ನುಂಗಿದ ಕಾವನ್ನು ಮಧ್ಯರಾತ್ರಿವರೆಗೆ ಕಾರುತ್ತಿರುತ್ತದೆ. ಹಗಲಿನ ಕಾವನ್ನು ಹಾಳೆಯಿಂದ ತಡೆದು, ರಾತ್ರಿ ಗಾಳಿಗೆ ದಾರಿ ಬಿಟ್ಟರೆ ಶೀಟಿನ ಸೂರು ಬೆಂಗಳೂರಿಗೆ ಕೆಟ್ಟ ಸೂರಲ್ಲ. ನಮ್ಮ ಕರಾವಳಿಯವರು ಮಂಗಳೂರು ಹಂಚಿನ ಕೆಳಗೆ ಇನ್ನೊಂದು ಪದರ ಸೀಲಿಂಗ್ ಹಂಚು ಕೂರಿಸಿ ನಡುವೆ ಗಾಳಿ ಉಳಿಸುತ್ತಿದ್ದುದೂ ಇದೇ ಬುದ್ಧಿಯಿಂದ.

ಮೇಲ್ಮೈಗೆ ಬೇರೆ ಔಷಧ. ಹೊಳೆಯುವ ಜಿಂಕ್ ಶೀಟು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಹಾಗಾಗಿ ತಂಪು ಎಂದು ನಂಬಿದವರು ಮಧ್ಯಾಹ್ನ ಕೈಯಿಟ್ಟು ನೋಡಬೇಕು. ಬಿಸಿಲಿನ ಒಂದು ಪಾಲು ಅದು ಹೀರುತ್ತದೆ, ಹೀರಿದ್ದನ್ನು ಆಕಾಶಕ್ಕೆ ಬಿಡಲು ಅದಕ್ಕೆ ಬರುವುದಿಲ್ಲ, ಕಾದು ಕೂರುತ್ತದೆ. ಬಿಳಿ ಕೂಲ್ ರೂಫ್ ಬಣ್ಣ ಹೊಸದರಲ್ಲಿ ಬಿಸಿಲಿನ ನೂರಕ್ಕೆ ಎಪ್ಪತ್ತು ಎಂಬತ್ತು ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಉಳಿದದ್ದನ್ನೂ ಆಕಾಶಕ್ಕೆ ಧಾರಾಳವಾಗಿ ಬಿಡುತ್ತದೆ. ಆದ್ದರಿಂದ ಹೊರಗೆ ಬಿಳಿ, ಒಳಗೆ ಹೊಳಪು. ಸಿಮೆಂಟ್ ಶೀಟಿಗೆ ಸುಣ್ಣ ಬಳಿದರೂ ಒಂದು ಬೇಸಗೆ ತಳ್ಳಬಹುದು. ನೆರೆಯ ತೆಲಂಗಾಣ 2023ರಲ್ಲೇ ಕೂಲ್ ರೂಫ್ ನೀತಿ ತಂದಿತು. ನಾವು ಸರ್ಕಾರದ ನೀತಿಗೆ ಕಾಯಬೇಕಿಲ್ಲ.

ಅಂಗಡಿಯಲ್ಲಿ ಮೋಸ ಹೋಗದಂತೆ ಒಂದು ಮಾತು. ಮಾರುವವರು ಒಂದು ಗನ್ನು ಹಿಡಿದು ಬರುತ್ತಾರೆ, ಇನ್‌ಫ್ರಾರೆಡ್ ಥರ್ಮಾಮೀಟರು. ಬರೀ ಶೀಟಿಗೆ ಗುರಿಯಿಟ್ಟು 62 ತೋರಿಸುತ್ತಾರೆ, ಹಾಳೆಗೆ ಗುರಿಯಿಟ್ಟು 34 ತೋರಿಸುತ್ತಾರೆ. ನೀವು ಬೆರಗಾಗುತ್ತೀರಿ. ಆ ಗನ್ನು ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ. ಮೈಯಿಂದ ಬರುವ ವಿಕಿರಣವನ್ನು ಅಳೆದು, ಎಮಿಸಿವಿಟಿ 0.95 ಎಂದು ತಾನೇ ಊಹಿಸಿಕೊಂಡು ಲೆಕ್ಕ ಕೊಡುತ್ತದೆ. ಹಾಳೆಯ ಮೇಲೆ ಅದಕ್ಕೆ ಕಾಣುವುದು ಹಾಳೆಯಲ್ಲಿ ಪ್ರತಿಫಲಿಸಿದ ನಿಮ್ಮ ನೆಲದ ಉಷ್ಣತೆ. ಹಾಳೆ 55 ಡಿಗ್ರಿ ಇದ್ದರೂ ಗನ್ನು 34 ಎಂದೇ ಹೇಳೀತು. ಹಾಳೆಯ ಮೇಲೆ ಎಲೆಕ್ಟ್ರಿಷಿಯನ್ನಿನ ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಒತ್ತಿ ಅಂಟಿಸಿ, ಐದು ನಿಮಿಷ ಬಿಟ್ಟು, ಗನ್ನನ್ನು ಹತ್ತಿರ ಹಿಡಿದು ಆ ಟೇಪನ್ನು ಅಳೆಯಿರಿ, ಸತ್ಯ ಹೊರಬರುತ್ತದೆ. ಹಾಳೆ ಬಿಸಿಯಾಗಿರುವುದು ದೋಷವಲ್ಲ. ನಿಮಗೆ ಬೇಕಾದದ್ದು ಕೆಳಗೆ ಕೂತವರಿಗೆ ಬಡಿಯುವ ಕಾವಿನ ಲೆಕ್ಕ. ಅದಕ್ಕೆ ಒಂದು ಸಾದಾ ಥರ್ಮಾಮೀಟರಿನ ಬುರುಡೆಗೆ ಕಪ್ಪು ಟೇಪು ಸುತ್ತಿ, ಕೆಲಸದವರ ತಲೆಯ ಮಟ್ಟಕ್ಕೆ ತೂಗುಹಾಕಿ, ಹಾಳೆ ಹಾಕಿದ ಅಂಕಣದಲ್ಲಿ ಒಂದು, ಹಾಕದ ಅಂಕಣದಲ್ಲಿ ಒಂದು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಓದಿಕೊಳ್ಳಿ. ಮಾರುವವರನ್ನು ಎಮಿಸಿವಿಟಿಯ ಟೆಸ್ಟ್ ರಿಪೋರ್ಟು ಕೇಳಿ. ಬಬಲ್ಲಿನ ದಪ್ಪದ ಬಗ್ಗೆ ಮಾತು ಉದ್ದ ಮಾಡಿದರೆ ನಂಬಬೇಡಿ. ನಾಲ್ಕು ಮಿಲಿಮೀಟರ್ ಗುಳ್ಳೆ ತಾನಾಗಿ ತಡೆಯುವ ಕಾವು ಅಲ್ಪ. ದುಡಿಯುವುದು ಹೊಳಪು ಮತ್ತು ಅದರ ಮುಂದಿನ ಗಾಳಿ.

ಎಲ್ಲ ಶೆಡ್ಡಿಗೂ ಹಾಳೆಯೇ ಮದ್ದು ಎಂದೂ ಹೇಳಲಾರೆ. ಹೊಸ ಜಿಂಕ್ ಶೀಟಿನ ಬರಿ ಒಳಮೈ ಸ್ವಲ್ಪ ಕಾಲ ತಾನೇ ಕಡಿಮೆ ಕಾವು ಬಿಡುತ್ತದೆ. ಮಾಸುತ್ತಿದ್ದಂತೆ ಆ ಗುಣ ಹೋಗುತ್ತದೆ. ಪ್ಲೇಟಿಂಗ್, ಅನೋಡೈಸಿಂಗ್ ಇರುವ ಕಡೆ ಆಮ್ಲ, ಕಾಸ್ಟಿಕ್ಕಿನ ಹಬೆ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಅಲ್ಲಿ ಮೇಲೆ ಬಿಳಿ ಬಣ್ಣ, ಕೆಳಗೆ ಒಳ್ಳೆಯ ಎಕ್ಸಾಸ್ಟು. ಫೌಂಡ್ರಿ, ಹೀಟ್ ಟ್ರೀಟ್‌ಮೆಂಟಿನವರ ಕಥೆಯೇ ಬೇರೆ. ಅವರ ಕಾವು ಸೂರಿನದ್ದಲ್ಲ, ಫರ್ನೇಸಿನದು. ಸೂರಿಗೆ ಹಾಳೆ ಹಾಕಿದರೆ ಫರ್ನೇಸಿನ ಕಾವನ್ನು ಅದು ಮತ್ತೆ ಕೆಳಗೇ ಕಳಿಸುತ್ತದೆ. ಅಲ್ಲಿ ಬೇಕಾದದ್ದು ಫರ್ನೇಸಿಗೂ ಆಪರೇಟರಿಗೂ ನಡುವೆ ನಿಲ್ಲಿಸಿದ ಹೊಳೆಯುವ ಅಲ್ಯೂಮಿನಿಯಂ ತಗಡಿನ ಮರೆ.

ಈಗ ಅಪಾಯದ ಮಾತು. ಇದನ್ನು ದಯವಿಟ್ಟು ಓಡಿಸಿ ಓದಬೇಡಿ. ಆಸ್ಟ್ರೇಲಿಯಾ ಸರ್ಕಾರ 2009ರಲ್ಲಿ ಮನೆಮನೆಗೆ ಇನ್ಸುಲೇಷನ್ ಹಾಕಿಸುವ ದೊಡ್ಡ ಯೋಜನೆ ತಂದಿತು. ಆತುರದ ಕೆಲಸ, ತರಬೇತಿಯಿಲ್ಲದ ಹುಡುಗರು. ನಾಲ್ವರು ಯುವಕರು ಸತ್ತರು. ಅವರಲ್ಲಿ ಇಬ್ಬರು ಲೋಹದ ಹಾಳೆ ಕೂರಿಸುವಾಗ ಶಾಕ್ ಹೊಡೆದು ಸತ್ತವರು. 2010ರ ಫೆಬ್ರುವರಿಯಲ್ಲಿ ಯೋಜನೆಯನ್ನೇ ನಿಲ್ಲಿಸಿದರು. ಹಾಳೆ ಕರೆಂಟನ್ನೂ ಹರಿಸುತ್ತದೆ. ಒಂದು ಪಿನ್ನು ಒಂದು ವೈರನ್ನು ಚುಚ್ಚಿದರೆ ಇಡೀ ಸೂರು ಲೈವ್ ಆಗುತ್ತದೆ. ನಮ್ಮ ಶೆಡ್ಡುಗಳಲ್ಲಿ ಪರ್ಲಿನ್ನಿನುದ್ದಕ್ಕೂ ಜೋತುಬಿದ್ದ ವೈರು, ಟೇಪು ಸುತ್ತಿದ ಜಾಯಿಂಟು ಎಷ್ಟಿವೆ ಎಂದು ನಿಮಗೆ ಗೊತ್ತು. ಆದ್ದರಿಂದ ಮೊದಲು ವೈರಿಂಗನ್ನು ಪೈಪಿನೊಳಗೆ ಹಾಕಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಕೂರಿಸಿ. ಕೆಲಸದ ದಿನ ಮೇನ್ ಆಫ್ ಮಾಡಿ ಫ್ಯೂಸು ಕಿತ್ತು ಕೈಯಲ್ಲಿಟ್ಟುಕೊಳ್ಳಿ. ಭಾನುವಾರ ಇದಕ್ಕೆ ಒಳ್ಳೆಯ ದಿನ.

ಹಳೆ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದನ್ನು ಕೊರೆಯಬೇಡಿ, ಗರಗಸ ಹಾಕಬೇಡಿ; ಆ ಎಳೆಯ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ಮೇಲೆ ಕಾಯಿಲೆ ತರುತ್ತದೆ. ಹಾಳೆಯನ್ನು ಪರ್ಲಿನ್ನಿಗಷ್ಟೇ ಕಟ್ಟಿ. ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಯಾರಿಂದಲೂ ಕಾಲಿಡಿಸಬೇಡಿ. ಶೀಟು ಒಡೆದು ಕೆಳಗೆ ಬಿದ್ದವರ ಸುದ್ದಿ ನಮ್ಮ ಕಸುಬಿನಲ್ಲಿ ನಿಲ್ಲದ ಸುದ್ದಿ. ಹಲಗೆ ಹಾಸಿ, ಬೆಲ್ಟು ಕಟ್ಟಿಸಿ. ಇನ್ನು ಬೆಂಕಿ. ಬಬಲ್ಲು ಪ್ಲಾಸ್ಟಿಕ್, ಬೆಂಕಿ ತಡೆಯುವ ದರ್ಜೆಯದೇ ಬೇಕೆಂದು ಬಿಲ್ಲಿನಲ್ಲಿ ಬರೆಸಿ. ವೆಲ್ಡಿಂಗ್ ಪಾಯಿಂಟಿನ ಮೇಲೆ, ಅಡುಗೆ ಮಾಡುವ ಲೇಬರ್ ರೂಮಿನ ಒಲೆಯ ಮೇಲೆ ಅದು ಬೇಡವೇ ಬೇಡ. ಮಾರ್ಗಶಿರದ ಬೆಳಗಿನ ಜಾವ ತಗಡಿನಡಿ ಹನಿಗಟ್ಟುವುದು ನಿಮಗೆ ಗೊತ್ತಿದ್ದದ್ದೇ. ಹಾಳೆಯ ಮೇಲೆ ಬಿದ್ದ ಆ ಹನಿ ಇಳಿಜಾರಿನಲ್ಲಿ ಹರಿದು ಗಟರಿಗೆ ಹೋಗುವಂತೆ ಸೂರಂಚಿನಲ್ಲಿ ಹಾಳೆಯನ್ನು ಹೊರಗೆ ಚಾಚಿ.

ಖರ್ಚಿನ ಮಾತು ನೀವು ಎತ್ತುವ ಮೊದಲೇ ಹೇಳುತ್ತೇನೆ. ಒಂದು ಅಂಕಣಕ್ಕೆ ಮಾಡಿಸಿ ನೋಡಿ, ಆಮೇಲೆ ಉಳಿದದ್ದು. ಪಿಯುಎಫ್ ಪ್ಯಾನೆಲ್ಲು ಹಾಕಲು ಸೂರನ್ನೇ ಬಿಚ್ಚಬೇಕು, ಹಾಳೆಗೆ ಬಿಚ್ಚಬೇಕಿಲ್ಲ. ಏಸಿ ಇರುವ ಟೂಲ್ ರೂಮು, ಇನ್‌ಸ್ಪೆಕ್ಷನ್ ರೂಮುಗಳಲ್ಲಿ ಬೆಸ್ಕಾಂ ಬಿಲ್ಲೇ ನಿಮಗೆ ಉತ್ತರ ಹೇಳುತ್ತದೆ. ಏಸಿ ಇಲ್ಲದ ಕಡೆ ಉಳಿತಾಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದು ಮಧ್ಯಾಹ್ನದ ಮೇಲೆ ಹೆಚ್ಚುವ ರಿಜೆಕ್ಷನ್ನಿನಲ್ಲಿ, ತಲೆಸುತ್ತು ಬಂದು ಮನೆಗೆ ಹೋದವರ ರಜೆಯಲ್ಲಿ ಅಡಗಿದೆ.

ಖರ್ಚು ಏನೇ ಇರಲಿ, ಇದು ನಿಮ್ಮ ಹೊಣೆ ಎಂಬುದನ್ನು ನೇರವಾಗಿ ಹೇಳಬೇಕು. ದೇಶ ಸ್ವತಂತ್ರವಾದ ಮರುವರ್ಷವೇ, 1948ರಲ್ಲಿ, ಕಾರ್ಖಾನೆ ಕಾಯ್ದೆಯ 13ನೇ ಕಲಮಿನಲ್ಲಿ ಗೋಡೆ, ಸೂರುಗಳು ಕೆಲಸದ ಜಾಗದ ಉಷ್ಣತೆಯನ್ನು ಸಾಧ್ಯವಾದಷ್ಟು ಕಡಿಮೆ ಇಡುವಂಥ ವಸ್ತುವಿನದಾಗಿರಬೇಕು, ಹಾಗೆ ವಿನ್ಯಾಸವಾಗಿರಬೇಕು ಎಂದು ಬರೆದರು. ಏಸಿ ಎಂಬುದು ಸಿನಿಮಾ ಮಂದಿರಕ್ಕೂ ಅಪರೂಪವಿದ್ದ ಕಾಲದಲ್ಲಿ ಅವರು ಸೂರಿನ ವಸ್ತುವಿನ ಬಗ್ಗೆ ಯೋಚಿಸಿದ್ದರು.

ಆದರೆ ಕಾರ್ಖಾನೆಗಿಂತ ನನಗೆ ಹೆಚ್ಚು ಚಿಂತೆ ರೂಮುಗಳದ್ದು. ಕಾರ್ಖಾನೆಯ ಸೂರು ಎತ್ತರ, ಕೆಲಸ ಎಂಟು ಗಂಟೆ. ಲೇಬರ್ ಶೆಡ್ಡಿನ ಶೀಟು ಏಳಡಿಯಲ್ಲಿರುತ್ತದೆ, ಗೋಡೆಯೂ ತಗಡು. ಗಂಡಸರು ಸೈಟಿಗೆ ಹೋದ ಮೇಲೆ ಅದರೊಳಗೆ ಹಗಲಿಡೀ ಇರುವವರು ಬಾಣಂತಿ, ಎಳೆಗೂಸು, ರಾತ್ರಿ ಪಾಳಿ ಮುಗಿಸಿ ಮಲಗಿದ ಸೆಕ್ಯುರಿಟಿ ಗಾರ್ಡು. ಬಾಣಂತಿ ಮಗುವನ್ನೆತ್ತಿಕೊಂಡು ಹೊರಗೆ ಬಂದು ಪಕ್ಕದ ಕಾಂಪೌಂಡಿನ ನೆರಳಿನಲ್ಲಿ ಕೂರುವುದನ್ನು ನೀವೂ ನೋಡಿದ್ದೀರಿ. ಅಂಥ ರೂಮಿಗೆ ಸೂರಿನ ಜೊತೆಗೆ ಪಡುವಣ ಗೋಡೆಗೂ ಹಾಳೆ ಬೇಕು, ಒಂದಿಂಚಿನ ರೀಪರು ಹೊಡೆದು ಸಂದಿ ಬಿಟ್ಟು. ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಹರಿಯದಂತೆ ಮುಂದೆ ಒಂದು ಜಾಲರಿ.

ಪೀಣ್ಯ ಕೈಗಾರಿಕಾ ಸಂಘ, ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ಎಲೆಕ್ಟ್ರಾನಿಕ್ ಸಿಟಿಯ ಉದ್ಯಮ ಸಂಘ ಎಲ್ಸಿಯಾದ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ನಿಮ್ಮ ನಿಮ್ಮ ಕಡೆ ಒಂದೊಂದು ಶೆಡ್ಡನ್ನು ಆರಿಸಿ, ಅರ್ಧಕ್ಕೆ ಹಾಳೆ ಹಾಕಿ ಅರ್ಧ ಹಾಗೇ ಬಿಟ್ಟು, ಈ ಬೇಸಗೆಯ ಉಷ್ಣತೆಯ ಅಳತೆಗಳನ್ನು ಗೋಡೆಗೆ ಬರೆದು ಎಲ್ಲರಿಗೂ ತೋರಿಸಿ. ಕೆಲಸದವರನ್ನೇ ಕೇಳಿ ಯಾವ ಅರ್ಧದಲ್ಲಿ ಕೂರುತ್ತೀರಿ ಎಂದು. ರೂಮು ಬಾಡಿಗೆಗೆ ಕೊಡುವವರು ಹೊಸ ಕರಾರು ಬರೆಸುವಾಗ ಸೂರಿನಡಿ ಹಾಳೆ ಹಾಕಿಸುವುದು ಮಾಲೀಕರ ಜವಾಬ್ದಾರಿ ಎಂಬ ಸಾಲು ಸೇರಿಸಿ, ಅದರ ಖರ್ಚನ್ನು ಬಾಡಿಗೆಗೆ ಏರಿಸಬೇಡಿ. ಗುತ್ತಿಗೆದಾರರು ಒಂದು ಸೈಟು ಮುಗಿದಾಗ ಹಾಳೆಯನ್ನು ಸುತ್ತಿಕೊಂಡು ಮುಂದಿನ ಸೈಟಿಗೆ ಒಯ್ಯಬಹುದು. ಜಾಗರೂಕತೆಯಿಂದ ಬಿಚ್ಚಿದರೆ ಅದು ಹಾಳಾಗುವುದಿಲ್ಲ.

ಕೈಯಲ್ಲಿರುವ ದುಡ್ಡು ಒಂದೇ ಕಡೆಗೆ ಸಾಲುವಷ್ಟಿದ್ದರೆ ಮೊದಲು ಲೇಬರ್ ರೂಮುಗಳಿಗೆ ಹಾಕಿಸಿ. ಶಾಪ್ ಫ್ಲೋರು ಎರಡನೆಯದು. ಆಫೀಸಿನ ಕ್ಯಾಬಿನ್ನು ಕೊನೆಗೆ.

ಇಂತಿ ನಿಮ್ಮ,
ಶೀಟಿನ ಕೆಲಸದವನು